540 ಮೀಟರ್, 40 ಸೆಕೆಂಡ್

ಎದುರಿಗೆ ವಾರ್‌ಹ್ಯಾಮರ್. 70 ಟನ್ ಉಕ್ಕು. ತೋಳುಗಳ ತುದಿಯಲ್ಲಿ ಅಂಗೈ ಇಲ್ಲ, ಬೆರಳಿಲ್ಲ. ಆ ಜಾಗದಲ್ಲಿ ಎರಡು ಪಿಪಿಸಿಗಳಿವೆ, ವಿದ್ಯುತ್ ಕಣಗಳನ್ನು ಮಿಂಚಿನಂತೆ ಉಗುಳುವ ಫಿರಂಗಿಗಳು. ಒಂದೊಂದರ ಏಟಿಗೆ 10 ಅಂಕ. 540 ಮೀಟರ್ ದೂರದವರೆಗೆ ಮುಟ್ಟುತ್ತವೆ.

ಈ ಕಡೆ ಹಂಚ್‌ಬ್ಯಾಕ್. 50 ಟನ್. ಬಲ ಹೆಗಲ ಮೇಲೆ ದೊಡ್ಡ ಗೂನು, ಗೂನಿನೊಳಗೆ ಆಟೋಕ್ಯಾನನ್-20. ಆ ಫಿರಂಗಿಯೊಂದೇ 14 ಟನ್ ತೂಗುತ್ತದೆ. ಬಿದ್ದರೆ ಒಂದೇ ಏಟಿಗೆ 20 ಅಂಕ. ಆದರೆ ಮುಟ್ಟುವುದು 270 ಮೀಟರ್ ಮಾತ್ರ. ನಂಬಿ ಹೊಡೆಯಬೇಕಾದರೆ 90 ಮೀಟರ್‌ಗೆ ಬರಬೇಕು.

ನಡುವೆ 450 ಮೀಟರ್ ಬಯಲು. ದಾಟಲೇಬೇಕು. ಮಿಂಚಿನ ಮಳೆಯಲ್ಲೇ ದಾಟಬೇಕು.

ಇದು ಬ್ಯಾಟಲ್‌ಟೆಕ್, ಚಾಲಕ ಒಳಗೆ ಕೂತು ನಡೆಸುವ ‘ಮೆಕ್’ ಎಂಬ ಯುದ್ಧಯಂತ್ರಗಳ ಕಾಳಗ. 1984ರಲ್ಲಿ ಶಿಕಾಗೊದ ಫಾಸಾ ಕಂಪನಿ ‘ಬ್ಯಾಟಲ್‌ಡ್ರಾಯ್ಡ್ಸ್’ ಎಂದು ಹೊರತಂದ ಆಟ. ‘ಡ್ರಾಯ್ಡ್’ ಪದ ತನ್ನದೆಂದು ಸ್ಟಾರ್ ವಾರ್ಸ್‌ನ ಒಡೆಯ ಲ್ಯೂಕಸ್‌ಫಿಲ್ಮ್ ಪಟ್ಟು ಹಿಡಿದಾಗ ಮರುವರ್ಷ ಹೆಸರು ಬದಲಾಯಿತು. ಹಾಸು ಆರು ಮೂಲೆಯ ಮನೆಗಳದು. ಒಂದು ಮನೆ 30 ಮೀಟರ್. ಒಂದು ಸುತ್ತು 10 ಸೆಕೆಂಡ್. ಎರಡು ದಾಳ. ಕತೆಯ ಕಾಲ ಕ್ರಿ.ಶ. 3025. ನಕ್ಷತ್ರಗಳ ನಡುವೆ ಐದು ಅರಸುಮನೆಗಳು ಕಾದಾಡಿ, ಯಂತ್ರ ಕಟ್ಟುವ ವಿದ್ಯೆಯನ್ನೇ ಅರ್ಧ ಮರೆತಿರುವ ಕಾಲ.

ಹಂಚ್‌ಬ್ಯಾಕ್‌ನ ಚಾಲಕಿಗೆ ಹಾಳೆಯ ಮೇಲೆ ಎರಡೇ ಗುರುತು: ಗುರಿ 4, ಚಾಲನೆ 5. ಎದುರಾಳಿಗೂ ಅಷ್ಟೇ. ಆಕೆ ದೂರ ಎಣಿಸಿದಳು. ಹದಿನೆಂಟು ಮನೆ.

ಓಡಿದಳು.

ಆರು ಮನೆ, 180 ಮೀಟರ್, ಒಂದೇ ಉಸಿರಿಗೆ. ವಾರ್‌ಹ್ಯಾಮರ್ ಕದಲಲಿಲ್ಲ. ಕದಲದಿರಲು ಕಾರಣವಿದೆ. ಎರಡೂ ಪಿಪಿಸಿ ಒಟ್ಟಿಗೆ ಹಾರಿದರೆ 20 ಅಂಕ ಬಿಸಿ ಏಳುತ್ತದೆ, ಒಳಗಿನ 18 ಹೀಟ್ ಸಿಂಕ್‌ಗಳು ಸುತ್ತಿಗೆ 18 ಅಂಕ ಮಾತ್ರ ನುಂಗುತ್ತವೆ. ನಡೆದರೆ ಇನ್ನೊಂದು ಅಂಕ, ಓಡಿದರೆ ಎರಡು. ನಿಂತಲ್ಲೇ ನಿಂತು ಬೇಯಿಸುವುದೇ ಲಾಭ.

ಲೆಕ್ಕ ಹಾಕಿ. ಗುರಿಕಾರನ ಮೂಲ 4. ದೂರ 12 ಮನೆ, ಪಿಪಿಸಿಗೆ ಮಧ್ಯಮ ದೂರ, ಅದಕ್ಕೆ 2. ಗುರಿ ಆರು ಮನೆ ಓಡಿದೆ, ಅದಕ್ಕೆ 2. ಒಟ್ಟು 8. ಎರಡು ದಾಳ ಕೂಡಿಸಿ 8 ಅಥವಾ ಮೇಲೆ ಬಂದರೆ ಏಟು. ಓಟವೇ ಆಕೆಯ ಮೊದಲ ಕವಚ.

ಮೊದಲ ಗರ 6. ಮಿಂಚು ಪಕ್ಕದ ನೆಲ ಸುಟ್ಟಿತು. ಎರಡನೆಯದು 9.

ಬಿತ್ತು!

ಎಲ್ಲಿ ಬಿತ್ತು? ಅದಕ್ಕೆ ಮತ್ತೆ ದಾಳ. 7 ಬಿದ್ದರೆ ನಡು ಎದೆ, 6 ಬಲ ಎದೆ, 8 ಎಡ ಎದೆ. 5 ಮತ್ತು 9 ಕಾಲುಗಳು. 3, 4, 10, 11 ತೋಳುಗಳು. 12 ಬಿದ್ದರೆ ತಲೆ. ಎಷ್ಟೇ ದೊಡ್ಡ ಮೆಕ್ ಆಗಿರಲಿ, ತಲೆಯ ಮೇಲೆ ಕವಚ 9ಕ್ಕಿಂತ ಹೆಚ್ಚು ಹೊದಿಸುವಂತಿಲ್ಲ. ಅದರ ಕೆಳಗಿನ ಎಲುಬಿಗೆ 3 ಅಂಕ. ಒಟ್ಟು 12. ಪಿಪಿಸಿಯ 10 ಬಿದ್ದರೆ ಕವಚ ಹಾರಿ, ಎಲುಬಿಗೆ ಒಂದು ಅಂಕ ತಗಲುತ್ತದೆ. ಆಟೋಕ್ಯಾನನ್‌ನ 20 ಬಿದ್ದರೆ ತಲೆಯೇ ಇಲ್ಲ, ಚಾಲಕನೂ ಇಲ್ಲ. 36ರಲ್ಲಿ ಒಂದು ಸಾಧ್ಯತೆ. ಈ ಆಟ ಆಡಿದ ಯಾರನ್ನೇ ಕೇಳಿ, ಆ ಒಂದು ಬಿದ್ದ ದಿನ ಅವರಿಗೆ ನೆನಪಿರುತ್ತದೆ.

ದಾಳ ಉರುಳಿತು. 10. ಎಡತೋಳು. 16 ಇದ್ದ ಕವಚ 6ಕ್ಕೆ ಇಳಿಯಿತು.

ತೋಳು ಉಳಿಯಿತು. ಓಟ ಮುಂದುವರಿಯಿತು.

ಎರಡನೇ ಸುತ್ತು. ಐದು ಮನೆ ಓಡಿ ತೆಳು ಮರಗಳ ನಡುವೆ ನುಗ್ಗಿದಳು. ಮರ ಹೊಕ್ಕರೆ ಕಾಲು ನಿಧಾನ, ಆದರೆ ಎದುರಾಳಿಯ ಗುರಿಗೆ ಇನ್ನೊಂದು ಅಂಕದ ಕಷ್ಟ. ಈಗ ದೂರ ಏಳು ಮನೆ, 210 ಮೀಟರ್. ಫಿರಂಗಿಗೆ ಅಂತೂ ಗುರಿ ಸಿಕ್ಕಿತು. ಓಡುತ್ತಾ, ದೂರದಿಂದ, 10 ಬೇಕು. ಹಾರಿಸಿಯೇ ಬಿಟ್ಟಳು. ಗರ 8. ಎಡ ಎದೆಯೊಳಗಿನ ಎರಡು ಪೆಟ್ಟಿಗೆಗಳಲ್ಲಿದ್ದ ಹತ್ತು ಗುಂಡುಗಳಲ್ಲಿ ಒಂದು ಬಯಲಿಗೆ ಹೋಯಿತು.

ಉತ್ತರವಾಗಿ ಬಂದ ಮಿಂಚು ಬಯಲಿಗೆ ಹೋಗಲಿಲ್ಲ. ಎಡ ಎದೆಗೆ ಬಡಿಯಿತು. ಕವಚ 20ರಿಂದ 10.

ಎಡ ಎದೆ! ಗುಂಡಿನ ಪೆಟ್ಟಿಗೆಗಳು ಇರುವುದೇ ಅಲ್ಲಿ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು, ಏಕೆಂದರೆ ಈ ಆಟದ ಜೀವ ಇಲ್ಲಿದೆ. ಕವಚ ಇರುವವರೆಗೆ ಏಟು ಬರೀ ಅಂಕ. ಹಾಳೆಯ ಮೇಲಿನ ಸೊನ್ನೆಗಳಿಗೆ ಕಾಟು ಹಾಕುತ್ತಾ ಹೋಗುವುದು, ಅಷ್ಟೆ. ಕವಚ ಹರಿದು ಎಲುಬಿಗೆ ಒಂದೇ ಒಂದು ಅಂಕ ತಗಲಲಿ, ಆಗ ಬೇರೆ ದಾಳ ಉರುಳುತ್ತದೆ. ಅದು ಮರ್ಮಾಘಾತದ ದಾಳ. 7 ಅಥವಾ ಕೆಳಗೆ ಬಂದರೆ ಬಚಾವ್. 8, 9 ಬಂದರೆ ಒಳಗಿನ ಒಂದು ಭಾಗ ನಾಶ. 10, 11ಕ್ಕೆ ಎರಡು. 12 ಬಂದರೆ ಕೈಯೋ ಕಾಲೋ ಕಿತ್ತು ಬೀಳುತ್ತದೆ, ಎದೆಯಾದರೆ ಮೂರು ಭಾಗ ಹೋಗುತ್ತವೆ. ಸಮತೋಲ ಕಾಯುವ ಗೈರೊಗೆ ಎರಡು ಬಿದ್ದರೆ ಮೆಕ್ ಮತ್ತೆ ಎದ್ದು ನಿಲ್ಲಲಾರದು. ಎಂಜಿನ್‌ಗೆ ಬೀಳುವ ಒಂದೊಂದು ಏಟಿಗೂ ಸುತ್ತಿಗೆ 5 ಅಂಕ ಬಿಸಿ, ಮೂರನೆಯದಕ್ಕೆ ಯಂತ್ರ ಸತ್ತಂತೆ. ಕಾಕ್‌ಪಿಟ್‌ಗೆ ಒಂದೇ ಸಾಕು.

ದುರ್ಯೋಧನನ ಮೈಮೇಲೆ ಭೀಮನ ಗದೆ ಎಷ್ಟು ಸಲ ಬಿದ್ದರೂ ಆಗದ ಕೆಲಸ ತೊಡೆಯ ಒಂದು ಏಟಿಗೆ ಆಗಿಹೋಯಿತಲ್ಲ, ಅದೇ ಲೆಕ್ಕ. ಏಟಿನ ತೂಕ ಬೇರೆ, ಏಟು ಹುಡುಕುವ ಮರ್ಮ ಬೇರೆ.

ಗುಂಡಿನ ಪೆಟ್ಟಿಗೆಗೆ ಮರ್ಮಾಘಾತವಾದರೆ? ಅದರಲ್ಲಿ ಉಳಿದಿರುವಷ್ಟೂ ಗುಂಡು ಒಮ್ಮೆಗೇ ಸಿಡಿಯುತ್ತದೆ, ಸ್ವಂತ ಎದೆಯೊಳಗೆ. ಆಟೋಕ್ಯಾನನ್-20ರ ತುಂಬಿದ ಪೆಟ್ಟಿಗೆಯೊಂದರಲ್ಲಿ ಐದು ಗುಂಡು, ಒಂದಕ್ಕೆ 20. ಒಟ್ಟು 100. ಹಂಚ್‌ಬ್ಯಾಕ್‌ನ ಎಡ ಎದೆಯ ಎಲುಬಿಗೆ 12 ಅಂಕ. ಮಿಕ್ಕದ್ದು ನಡು ಎದೆಗೆ ನುಗ್ಗುತ್ತದೆ, ಕವಚವನ್ನು ಮುಟ್ಟದೆ ಒಳಗಿನಿಂದಲೇ. ಅಲ್ಲಿರುವುದು 16.

ಚಾಲಕಿಗೆ ಇದು ಗೊತ್ತು. ಗೊತ್ತಿದ್ದೂ ಮರಗಳಿಂದ ಹೊರಬಂದಳು.

ಮೂರನೇ ಸುತ್ತು. ನಾಲ್ಕು ಮನೆ ನಡೆದಳು. ಓಡಲಿಲ್ಲ, ಓಡಿದರೆ ತನ್ನ ಗುರಿಯೇ ಅಲುಗುತ್ತದೆ. ದೂರ ಮೂರು ಮನೆ.

90 ಮೀಟರ್!

ಇಷ್ಟು ಹತ್ತಿರಕ್ಕೆ ಬಂದರೆ ಪಿಪಿಸಿಯೇ ತಡವರಿಸುತ್ತದೆ. ಮೂರು ಮನೆಯೊಳಗಿನ ಗುರಿಗೆ ಅದಕ್ಕೆ ಹೆಚ್ಚುವರಿ ಕಷ್ಟ. ಆಕೆಗೆ ಬೇಕಾದದ್ದು ಬರೀ 5. ವಾರ್‌ಹ್ಯಾಮರ್‌ಗೆ ಭಯ ಹಿಡಿಯಿತು. ಮೆಷಿನ್ ಗನ್‌ಗಳನ್ನು ಬಿಟ್ಟು ಇದ್ದಬದ್ದದ್ದನ್ನೆಲ್ಲ ಹಾರಿಸಿತು. ಎರಡು ಪಿಪಿಸಿ, ಎರಡು ಮಧ್ಯಮ ಲೇಸರ್, ಎರಡು ಸಣ್ಣ ಲೇಸರ್, ಆರು ಕ್ಷಿಪಣಿ.

ಆಕೆಯ ಗರ 9. ಆಟೋಕ್ಯಾನನ್ ಗುಡುಗಿತು. ಜಾಗ: 7, ನಡು ಎದೆ. ವಾರ್‌ಹ್ಯಾಮರ್‌ನ ಅಲ್ಲಿಯ ಕವಚ 22. ಇಪ್ಪತ್ತು ಹೋಯಿತು.

ಎರಡು ಉಳಿಯಿತು. ಬರೀ ಎರಡು.

ಸುತ್ತಿನೊಳಗಿನ ಗುಂಡುಗಳೆಲ್ಲ ಏಕಕಾಲಕ್ಕೆ ಹಾರಿದಂತೆಯೇ ಲೆಕ್ಕ. ಈಗ ಎದುರಾಳಿಯ ಸರದಿ. ಮೊದಲ ಪಿಪಿಸಿ ಎಡ ಎದೆಗೆ. 10 ಇದ್ದ ಕವಚ ಸೊನ್ನೆ. ಸರಿಯಾಗಿ ಸೊನ್ನೆ. ಎಲುಬಿಗೆ ಕೂದಲೆಳೆಯಷ್ಟೂ ತಾಗಲಿಲ್ಲ, ಮರ್ಮದ ದಾಳ ಉರುಳಲಿಲ್ಲ. ಎರಡನೇ ಪಿಪಿಸಿ ತಪ್ಪಿತು. ಬಳಿಕ ಮಧ್ಯಮ ಲೇಸರ್. ಜಾಗ: 8.

ಮತ್ತೆ ಎಡ ಎದೆ. ಕವಚ ಇಲ್ಲ. ಐದೂ ಅಂಕ ನೇರ ಎಲುಬಿಗೆ. 12ರಿಂದ 7. ಮರ್ಮಾಘಾತದ ದಾಳ ಉರುಳಿತು. 8 ಬಂದರೆ ಬಾಗಿಲು ತೆರೆದಂತೆ.

7.

ಒಂದಂಕ! ಉಸಿರು ಬಿಡುವಷ್ಟರಲ್ಲಿ ಕ್ಷಿಪಣಿಗಳು ಬಂದವು. ಆರರಲ್ಲಿ ನಾಲ್ಕು ತಗುಲಿದವು. ಒಂದೊಂದಕ್ಕೆ ಬರೀ 2 ಅಂಕ, ಒಂದೊಂದಕ್ಕೂ ಬೇರೆ ಜಾಗ. ಇವನ್ನು ಕಂಡು ನಗುವವರು ಹೊಸಬರು. ಅನುಭವಸ್ಥರು ದೊಡ್ಡ ಫಿರಂಗಿಯಿಂದ ಕವಚ ಸೀಳುತ್ತಾರೆ, ಆಮೇಲೆ ಸಣ್ಣವನ್ನು ಸುರಿಯುತ್ತಾರೆ. ಬರಿ ಎಲುಬಿಗೆ ತಾಗಿದ ಪ್ರತಿ ಕ್ಷಿಪಣಿಗೂ ಒಂದೊಂದು ಮರ್ಮದ ದಾಳ. ಎರಡಂಕದ ಸೂಜಿಗೂ ಇಪ್ಪತ್ತಂಕದ ಗುಂಡಿಗೂ ಆ ದಾಳದ ಮುಂದೆ ಒಂದೇ ಬೆಲೆ.

ಬಲಗಾಲು. ಬಲ ಎದೆ. ಎಡ ಎದೆ! ಎಲುಬು 5. ದಾಳ: 5. ಬಚಾವ್. ನಾಲ್ಕನೆಯದು 12, ತಲೆ. ಕವಚ 9ರಿಂದ 7. ಚಾಲಕಿಯ ಹಣೆ ಗೋಡೆಗೆ ಬಡಿಯಿತು. ತಲೆಗೆ ಏಟು ಬಿದ್ದರೆ ಚಾಲಕಿಗೂ ಗಾಯ, ಎಚ್ಚರ ಉಳಿಯಲು 3 ಬೇಕು. 4 ಬಂತು.

ಒಂದೇ ಸುತ್ತಿನಲ್ಲಿ 23 ಅಂಕ. 20 ಅಥವಾ ಹೆಚ್ಚು ಬಿದ್ದರೆ ಕಾಲು ತಪ್ಪುತ್ತದೆ. ನಿಲ್ಲಲು 6 ಬೇಕು. ಗರ ಬಿತ್ತು. 6. ನಿಂತಳು.

ಆ ಕಡೆ ವಾರ್‌ಹ್ಯಾಮರ್ ಕೂಡ ತೂರಾಡಿ, ತಡೆದು ನಿಂತಿತು. ಆದರೆ ಅದರೊಳಗೆ ಕುಲುಮೆ ಹೊತ್ತಿಕೊಂಡಿತ್ತು. ಮೊದಲೆರಡು ಸುತ್ತಿನ ಉಳಿಕೆ 4, ಈ ಸುತ್ತಿನ 32, ಹೀಟ್ ಸಿಂಕ್‌ಗಳು ನುಂಗಿದ್ದು 18. ಉಳಿದ ಬಿಸಿ ಮತ್ತೆ 18. ಯಂತ್ರ ತಾನಾಗಿ ನಿಂತುಹೋಗದಿರಲು 6 ಬೇಕು. 7 ಬಂದು ಉಳಿಯಿತು. ಗಮನಿಸಿ, 19 ಆಗಿದ್ದರೆ ಬಿಸಿಗೇ ಗುಂಡು ಸಿಡಿಯುವ ಪರೀಕ್ಷೆ ಶುರು. ಆ ಸುತ್ತಿನಲ್ಲಿ ಒಂದೇ ಒಂದು ಹೆಜ್ಜೆ ನಡೆದಿದ್ದರೂ 19.

ಆಟ ಕಂಪ್ಯೂಟರ್‌ಗೆ ಹೋದ ಮೇಲೂ ಮರ್ಮಾಘಾತದ ಲೆಕ್ಕ ಸಾಯಲಿಲ್ಲ. 2013ರಲ್ಲಿ ವ್ಯಾಂಕೂವರ್‌ನ ಪಿರಾನ್ಹಾ ಗೇಮ್ಸ್ ತಂದ ‘ಮೆಕ್‌ವಾರಿಯರ್ ಆನ್‌ಲೈನ್’ನಲ್ಲಿ ದಾಳ ಕಾಣುವುದಿಲ್ಲ. ಬೆರಳು ಗುಂಡಿಯ ಮೇಲೆ, ಕಣ್ಣು ಪರದೆಯ ಮೇಲೆ. ಆದರೂ ಎಲುಬಿಗೆ ತಾಗಿದ ಸಾಮಾನ್ಯ ಏಟು ಒಂದು ಮರ್ಮ ಹುಡುಕುವ ಸಾಧ್ಯತೆ ಶೇ 25, ಎರಡು ಶೇ 14, ಮೂರು ಶೇ 3. ಎರಡು ದಾಳದ 36 ಗರಗಳನ್ನು ಎಣಿಸಿ ನೋಡಿ. 8, 9 ಬೀಳುವುದು ಒಂಬತ್ತು ಸಲ, 10, 11 ಐದು ಸಲ, 12 ಒಂದು ಸಲ. ಅದೇ 25, ಅದೇ 14, ಅದೇ 3! ಮೇಜಿನ ದಾಳ ಯಂತ್ರದೊಳಗೆ ಇಳಿದು ಕೂತಿದೆ. ಇದನ್ನು ಲೆಕ್ಕ ಹಾಕಿ ಕಂಡುಕೊಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾಲ್ಕನೇ ಸುತ್ತು.

18 ಬಿಸಿಯಲ್ಲಿ ವಾರ್‌ಹ್ಯಾಮರ್‌ನ ಕಾಲು ಕಟ್ಟಿಹೋಗಿದೆ. ಗುರಿಗೆ 3 ಅಂಕದ ಮಂಪರು. ಒಂದೇ ಪಿಪಿಸಿ ಎತ್ತಿತು. ಚಾಲಕಿ ಏನು ಮಾಡಿದಳು ಗೊತ್ತೆ? ನಿಂತಳು. ಎಡ ಎದೆ ಬರಿದಾಗಿರುವಾಗ, ತೆರೆದ ಬಯಲಿನಲ್ಲಿ, ಕದಲದೆ ನಿಂತಳು. ನಿಂತರೆ ತನಗೆ 4 ಸಾಕು. ಎದುರಾಳಿಗೆ 8 ಬೇಕು.

ವಾರ್‌ಹ್ಯಾಮರ್‌ನ ಗರ 7. ಮಿಂಚು ಗೂನಿನ ಪಕ್ಕದಲ್ಲೇ ಹಾದುಹೋಯಿತು.

ಆಕೆಯ ಆಟೋಕ್ಯಾನನ್. 4 ಬಂದರೆ ಸಾಕು. ತಪ್ಪುವ ಸಾಧ್ಯತೆ 36ರಲ್ಲಿ ಮೂರು. ದಾಳ ಉರುಳಿತು, ಒಂದು ನಿಂತಿತು, ಇನ್ನೊಂದು ತಿರುಗಿ ತಿರುಗಿ ನಿಂತಿತು.

3.

14 ಟನ್ ಫಿರಂಗಿ ಮಣ್ಣು ಹಾರಿಸಿತು. ಉಳಿದದ್ದು ತೋಳಿನ ಲೇಸರ್‌ಗಳು. ತಲಾ ಒಂದು ಟನ್. 5 ಅಂಕದ ಬಡ ಆಯುಧಗಳು. ಮೊದಲನೆಯದು ಎದುರಾಳಿಯ ಎಡಗಾಲಿನ ಕವಚ ಕೆರೆಯಿತು. ಎರಡನೆಯದು ತಾಗಿತು. ಜಾಗ: 7.

ನಡು ಎದೆ. ಕವಚ ಎರಡೇ ಅಂಕ. ಹರಿಯಿತು! ಮಿಕ್ಕ ಮೂರು ಎಲುಬಿಗೆ. 22ರಿಂದ 19.

ಮರ್ಮಾಘಾತದ ದಾಳ. 9. ಒಂದು ಭಾಗ.

ಯಾವುದು? ನಡು ಎದೆಯೊಳಗೆ ಹನ್ನೆರಡು ಗೂಡು. ಆರರಲ್ಲಿ ಎಂಜಿನ್, ನಾಲ್ಕರಲ್ಲಿ ಗೈರೊ. ಉಳಿದ ಎರಡರಲ್ಲಿ ಒಂದು ಕಡೆ ಮೆಷಿನ್ ಗನ್‌ನ ಗುಂಡಿನ ಪೆಟ್ಟಿಗೆ. ಕಾಲಾಳುಗಳನ್ನು ಓಡಿಸಲೆಂದು ಹೊತ್ತ ಒಂದು ಟನ್. 200 ಗುಂಡು, ಒಂದಕ್ಕೆ 2 ಅಂಕ. ಈ ಕಾಳಗದಲ್ಲಿ ಒಂದನ್ನೂ ಹಾರಿಸಿರಲಿಲ್ಲ.

ದಾಳ ಆ ಗೂಡಿನ ಮೇಲೆ ನಿಂತಿತು.

400 ಅಂಕ! ವಾರ್‌ಹ್ಯಾಮರ್‌ನ ಮೈಮೇಲಿನ ಒಟ್ಟು ಕವಚ 160. ತಲೆಯಿಂದ ಕಾಲಿನವರೆಗೆ ಎಲುಬೆಲ್ಲ ಕೂಡಿಸಿದರೆ 107. ಎರಡೂ ಸೇರಿ 267. ಹೊಸದಾಗಿ ಕಾರ್ಖಾನೆಯಿಂದ ಇಳಿದ ಯಂತ್ರವನ್ನೂ ಒಂದೂವರೆ ಸಲ ಅಳಿಸಬಲ್ಲ ಬೆಂಕಿ, 19 ಅಂಕ ಉಳಿದಿದ್ದ ಎಲುಬಿನ ಗೂಡಿನೊಳಗೆ ಎದ್ದಿತು.

ಹೊಗೆ ಸರಿದಾಗ ಬಯಲಿನಲ್ಲಿ ನಿಂತಿದ್ದದ್ದು ಒಂದೇ ಮೆಕ್.

ಚಾಲಕಿ ಹಣೆಯ ರಕ್ತ ಒರೆಸಿಕೊಂಡು ಹಾಳೆ ನೋಡಿದಳು. ಎಡ ಎದೆ: ಕವಚ 0, ಎಲುಬು 5. ಅದರ ಹಿಂದೆ ಇನ್ನೂ ಏಳು ಗುಂಡು. ಯಂತ್ರವನ್ನು ತಿರುಗಿಸಿ, ಬಲ ಮಗ್ಗುಲನ್ನು ಬಯಲಿಗೆ ಒಡ್ಡಿ, ಮರಗಳ ಕಡೆಗೆ ನಡೆದಳು.