ಶಿಷ್ಯನ ಪ್ರಬಂಧ, ಅಕ್ಕನ ಗುಳಿಗೆ

ಜೇವರ್ಗಿ ತಾಲ್ಲೂಕಿನಲ್ಲಿ ನನ್ನ ಕೈಯಲ್ಲಿ ವಿಜ್ಞಾನ ಕಲಿತ ಹುಡುಗನೊಬ್ಬ ಕೆಲವು ವರ್ಷಗಳ ಹಿಂದೆ ಎಂ.ಫಾರ್ಮ್ ಮುಗಿಸಿ, ತನ್ನ ಪ್ರಬಂಧದ ಪ್ರತಿಯನ್ನು ಹಿಡಿದುಕೊಂಡು ಮನೆಗೆ ಬಂದಿದ್ದ. ಕಪ್ಪು ರಟ್ಟು, ಬಂಗಾರದ ಅಕ್ಷರ. ಜಿಪ್ಯಾಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದು, ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನದಲ್ಲಿ ಓದಿದವನು. ಅವನ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನೇ ಅವನು ಮೊದಲಿಗ. ಗುರುವಿಗೆ ಇದಕ್ಕಿಂತ ದೊಡ್ಡ ಕಾಣಿಕೆ ಬೇಕೆ? ಅಂದು ರಾತ್ರಿಯೇ ಓದಲು ಕುಳಿತೆ.

ಹೊಟ್ಟೆಯಲ್ಲಿ ನಿಧಾನವಾಗಿ ಕರಗುವ ಗುಳಿಗೆಯನ್ನು ಒಂಬತ್ತು ಬಗೆಯಾಗಿ ಮಾಡಿ ನೋಡಿದ ಕೆಲಸವದು. ಶ್ರಮಕ್ಕೆ ಕೊರತೆಯಿರಲಿಲ್ಲ. ವಿಷಯ ಆರಿಸಿದವರಾರೆಂದು ಕೇಳಿದೆ.

"ಗೈಡ್ ಸರ್ ಕೊಟ್ರಿ ಸರ್. ಹಿಂದಿನ ಬ್ಯಾಚಿನವರು ಬ್ಯಾರೆ ಔಷಧ ತಗೊಂಡಿದ್ರು, ನಾ ಔಷಧ ಬದಲ್ ಮಾಡೀನ್ರಿ."

ಗುಳಿಗೆಗಳು ಕೆಡುತ್ತವೆಯೇ ಎಂದು ನೋಡಲು ಅವುಗಳನ್ನು 40 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡಾ 75 ತೇವಾಂಶವಿರುವ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇಟ್ಟಿದ್ದನಂತೆ. "ಅಲ್ಲೋ ತಮ್ಮಾ, ಮೇ ತಿಂಗಳಾಗ ಜೇವರ್ಗಿಗೆ ತಂದಿಟ್ಟಿದ್ರ ಆ ಪೆಟಗಿ ಯಾಕ ಬೇಕಿತ್ತೋ?" ಎಂದೆ. ಇಬ್ಬರೂ ನಕ್ಕೆವು. ಆಮೇಲೆ ನಗು ಬರಲಿಲ್ಲ. 30 ಡಿಗ್ರಿಗಿಂತ ಕೆಳಗೆ ಇಡಬೇಕೆಂದು ಎಷ್ಟೋ ಔಷಧಗಳ ಮೇಲೆ ಅಚ್ಚಾಗಿರುತ್ತದೆ. ತಗಡಿನ ಮಾಡಿನ ಕೆಳಗೆ ಬೇಸಿಗೆ ಕಳೆದ ಔಷಧದಲ್ಲಿ ಮಳೆಗಾಲಕ್ಕೆ ಎಷ್ಟು ಸತ್ವ ಉಳಿದಿರುತ್ತದೆ? 2ರಿಂದ 8 ಡಿಗ್ರಿಯಲ್ಲಿರಬೇಕಾದ ಇನ್ಸುಲಿನ್ನನ್ನು ಫ್ರಿಜ್ ಇಲ್ಲದವರು ನೀರಿನ ಗಡಿಗೆಯ ಪಕ್ಕದಲ್ಲಿಟ್ಟರೆ ಏನಾಗುತ್ತದೆ? ಅಳೆಯುವ ಯಂತ್ರ ಅವನ ಕಾಲೇಜಿನಲ್ಲಿತ್ತು. ಪ್ರಶ್ನೆ ಅವನ ಊರಿನಲ್ಲಿತ್ತು. ಎರಡೂ ಒಂದೆಡೆ ಸೇರಲೇ ಇಲ್ಲ.

ಆ ದಿನಗಳಲ್ಲಿ ಅಫಜಲಪುರದ ಕಡೆಯಿಂದ ನಮ್ಮ ಅಕ್ಕ ಬಂದು ಮನೆಯಲ್ಲಿದ್ದಳು. ಬೆಳಗಿನ ಜಾವ ಬೆವರು, ನಡುಕ. ಒಮ್ಮೆ ಬಚ್ಚಲಲ್ಲಿ ಕುಸಿದೂ ಬಿದ್ದಿದ್ದಳು. ವಯಸ್ಸಿನ ನಿಶ್ಶಕ್ತಿ ಎಂದು ನಾವು ಸುಮ್ಮನಿದ್ದೆವು. ಮರುದಿನ ಹುಡುಗ ಅವಳ ಗುಳಿಗೆಯ ಚೀಲವನ್ನು ಚಾಪೆಯ ಮೇಲೆ ಸುರುವಿದ.

"ಸರ್, ಇವೆರಡರಾಗೂ ಒಂದೇ ಔಷಧ ಐತ್ರಿ. ಹೆಸರಷ್ಟೇ ಬ್ಯಾರೆ."

ಒಂದು ಊರಲ್ಲಿ ಬರೆದುಕೊಟ್ಟದ್ದು, ಇನ್ನೊಂದು ಸೊಲ್ಲಾಪುರದಲ್ಲಿ ಬರೆದುಕೊಟ್ಟದ್ದು. ಒಂದರಲ್ಲಿ ಗ್ಲಿಮೆಪಿರೈಡ್ ಮಾತ್ರ. ಮತ್ತೊಂದರಲ್ಲಿ ಅದೇ ಗ್ಲಿಮೆಪಿರೈಡ್ ಮೆಟ್‌ಫಾರ್ಮಿನ್ ಜೊತೆಗೆ. ರಕ್ತದ ಸಕ್ಕರೆ ಮಿತಿಮೀರಿ ಇಳಿಯುತ್ತಿತ್ತು. ಅವನು ತಾನಾಗಿ ಯಾವುದನ್ನೂ ನಿಲ್ಲಿಸಲಿಲ್ಲ. ಅಂದೇ ವೈದ್ಯರ ಬಳಿ ಕಳುಹಿಸಿದ. ಅವರು ಒಂದನ್ನು ಬಿಡಿಸಿದರು, ನಡುಕ ನಿಂತಿತು. ಆ ಚೀಟಿಗಳನ್ನು ಅಕ್ಕನಿಗೆ ಓದಿ ಹೇಳುತ್ತಿದ್ದವನು ನಾನೇ. ದೊಡ್ಡ ಅಕ್ಷರದ ಹೆಸರನ್ನಷ್ಟೇ ಓದುತ್ತಿದ್ದೆ, ಕೆಳಗಿನ ಸಣ್ಣ ಅಕ್ಷರವನ್ನಲ್ಲ. ವಿಜ್ಞಾನದ ಮಾಸ್ತರ!

ಇದನ್ನು ಎಂ.ಫಾರ್ಮ್‌ನಲ್ಲಿ ಕಲಿತೆಯಾ ಎಂದರೆ, ಸಂಜೆ ಹೊತ್ತು ಮೆಡಿಕಲ್ ಅಂಗಡಿಯಲ್ಲಿ ನಿಂತಾಗ ಕಲಿತೆ ಎಂದ.

ಭಾರತೀಯ ಫಾರ್ಮಸಿ ಪರಿಷತ್ತಿನ 2014ರ ನಿಯಮಾವಳಿಯಂತೆ ಎಂ.ಫಾರ್ಮ್ ನಾಲ್ಕು ಸೆಮಿಸ್ಟರಿನ ಓದು. ಎರಡನೆಯ ವರ್ಷದ ಬಹುಭಾಗ ಸಂಶೋಧನೆಗೇ ಮೀಸಲು. ರೋಗಿಯ ಸನಿಹದಲ್ಲಿ ಕಲಿಯುವ ಫಾರ್ಮಸಿ ಪ್ರಾಕ್ಟೀಸ್ ಎಂಬ ಶಾಖೆಯೂ ಉಂಟು. ಆದರೆ ಹುಡುಗರ ಕಣ್ಣೆಲ್ಲ ಹೈದರಾಬಾದಿನ ಕಂಪನಿಗಳ ಮೇಲೆ. ತಪ್ಪೆನ್ನಲಾರೆ, ಹೊಟ್ಟೆಪಾಡು. ಆದರೂ ಯಾವ ಶಾಖೆಯವರೇ ಆಗಲಿ, ಆ ಒಂದು ವರ್ಷದಲ್ಲಿ ಕೆಲವು ತಿಂಗಳನ್ನು ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲ್ಲೂಕು ಆಸ್ಪತ್ರೆಯಲ್ಲಿ ಕಳೆದು, ಪ್ರಬಂಧದ ಪ್ರಶ್ನೆಯನ್ನು ಅಲ್ಲಿಂದಲೇ ತರಲಿ. ಔಷಧದ ಅಡ್ಡಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ಇದೆ. ವರದಿ ಬರೆಯುವ ಕೈಗಳು ಬೇಕು. ತೊಗರಿಗೆ ಔಷಧ ಹೊಡೆದು ತಲೆ ತಿರುಗಿ ಬಂದವರು, ಹಾವು ಕಚ್ಚಿ ಬಂದವರು ಅಲ್ಲಿ ಸಿಗುತ್ತಾರೆ. 371(ಜೆ) ವಿಧಿಯಿಂದ ನಮ್ಮ ಭಾಗದ ಕಾಲೇಜುಗಳಲ್ಲಿ ಶೇಕಡಾ 70 ಸೀಟು ಇಲ್ಲಿಯವರಿಗೇ ದೊರೆಯುವಂತಾಯಿತು. ಸೀಟು ಇಲ್ಲಿಯದಾದರೆ ಪ್ರಶ್ನೆಯೂ ಇಲ್ಲಿಯದಾಗಬೇಡವೆ? ನಮಗೆ ಬಿ.ಎಡ್‌ನಲ್ಲಿ ನಿಜವಾದ ಮಕ್ಕಳ ಮುಂದೆ ನಿಂತು ಪಾಠ ಮಾಡದೆ ಪದವಿ ಸಿಗುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು ತಪ್ಪು ಗುರುತು ಹಾಕುವ ಗುರುಗಳೂ ಇರುತ್ತಿದ್ದರು.

ಆ ಹುಡುಗ ಈಗ ಫಾರ್ಮಸಿ ಕಾಲೇಜೊಂದರಲ್ಲಿ ಅಧ್ಯಾಪಕ. ಮೊನ್ನೆ ಫೋನು ಮಾಡಿದ್ದ. ಅವನ ವಿದ್ಯಾರ್ಥಿನಿಯೊಬ್ಬಳು ಹಳ್ಳಿಯ ವೃದ್ಧರ ಗುಳಿಗೆಚೀಲಗಳನ್ನೇ ವಿಷಯವಾಗಿ ಆರಿಸಿದ್ದಾಳಂತೆ. ಮೊದಲು ಅಕ್ಕನ ಚೀಲ ನೋಡಬೇಕಂತೆ. ಅಕ್ಕನಿಗೆ ಹೇಳಿದೆ.

"ಬರ್ಲಿ. ಊಟಕ್ಕ ಬರಾಕ ಹೇಳು" ಎಂದಳು.