ನಾಯಿಯ ಜ್ವರವನ್ನು ನೋಡುವ ಬಗೆ

ಮನುಷ್ಯನಿಗೆ ಜ್ವರವೆನಿಸುವ 101 ಡಿಗ್ರಿ ಫ್ಯಾರನ್‌ಹೀಟು ನಾಯಿಗೆ ಆರೋಗ್ಯದ ಕಾವು, 102.5ರವರೆಗೂ ಅದು ಸಹಜವೇ. ಮೂಗು ಒಣಗಿತೆಂದು ಜ್ವರವನ್ನು ನಿರ್ಣಯಿಸಲಾಗದು, ಅಳೆದೇ ನೋಡಬೇಕು.

ಜಯನಗರದ ನಮ್ಮ ಮನೆಯ ನಾಯಿ ಕರಿಯನಿಗೆ ಥರ್ಮಾಮೀಟರೆಂದರೆ ಮಹಾಭಯ. ಬಲವಂತದಿಂದ ಹಿಡಿದರೆ ಗಾಬರಿಯಿಂದಲೇ ಕಾವು ಏರುವುದುಂಟೆಂದು ತಿಳಿದು, ಮನೆಯಾಕೆಯು ಬೇರೊಂದು ಉಪಾಯವನ್ನು ಕೈಕೊಂಡಳು. ನಾಯಿಯು ಸುಖವಾಗಿದ್ದ ದಿನಗಳಲ್ಲಿಯೇ ಅದರ ಬಾಲವನ್ನು ಮೆಲ್ಲನೆ ಎತ್ತುವಳು, ಒಡನೆಯೇ ಒಂದು ಚೂರು ಚಪಾತಿ ಕೊಡುವಳು. ಮರುದಿನ ಥರ್ಮಾಮೀಟರನ್ನು ಸೋಕಿಸುವಳು, ಮತ್ತೊಂದು ಚೂರು ಕೊಡುವಳು. ಹತ್ತು ದಿನಗಳಲ್ಲಿ ಅಂಜಿಕೆ ಹೋಯಿತು. ಈಗ ನಾಯಿಯು ನಿಂತಿರುವಂತೆಯೇ ನಾನು ಅದರ ತಲೆಯನ್ನು ನೇವರಿಸುತ್ತಿರಲು, ಆಕೆ ಅದಕ್ಕೆಂದೇ ಬೇರೆ ಇಟ್ಟಿರುವ ಡಿಜಿಟಲ್ ಥರ್ಮಾಮೀಟರಿನ ತುದಿಗೆ ವ್ಯಾಸಲೀನು ಸವರಿ, ಗುದದೊಳಗೆ ಒಂದಂಗುಲಕ್ಕೆ ಮೀರದಂತೆ ಇಡುವಳು. ನಿಮಿಷದೊಳಗಾಗಿ ಅದು ಸದ್ದು ಮಾಡುವುದು. ಕಂಕುಳಲ್ಲಿಟ್ಟು ನೋಡುವುದು ಇನ್ನೂ ಸುಲಭವೇ ಸರಿ. ಆದರೆ ಅಲ್ಲಿ ಸುಮಾರು ಒಂದು ಡಿಗ್ರಿ ಕಡಮೆ ತೋರುವುದು, ನೆಚ್ಚುವಂತಿಲ್ಲ.

ಕಳೆದ ಮಳೆಗಾಲದಲ್ಲಿ ಕರಿಯನು ಅನ್ನ ಮುಟ್ಟದಿದ್ದ ಒಂದು ಸಂಜೆ ಅಂಕಿಯು 104ನ್ನು ತೋರಿತು. ಮನುಷ್ಯರ ಜ್ವರದ ಮಾತ್ರೆಗಳು ನಾಯಿಗೆ ವಿಷವಾಗಬಹುದಾದುದರಿಂದ ಏನನ್ನೂ ಕೊಡದೆ ಪಶುವೈದ್ಯರಲ್ಲಿಗೆ ಒಯ್ದೆವು. ರಕ್ತಪರೀಕ್ಷೆಯಿಂದ ಉಣ್ಣಿಜ್ವರವೆಂದು ತಿಳಿಯಿತು. ಬೇಗನೆ ಮದ್ದು ದೊರೆತುದರಿಂದ ಬದುಕಿಕೊಂಡಿತು. ಆದುದರಿಂದ ನಾಯಿ ಸಾಕಿರುವ ಗೃಹಸ್ಥರು ಈ ಅಭ್ಯಾಸವನ್ನು ಅದು ಆರೋಗ್ಯವಾಗಿರುವಾಗಲೇ ಆರಂಭಿಸತಕ್ಕದ್ದು.