ಏರುವ ದೋಣಿ

ಪುಣೆಯಿಂದ ಬೆಂಗಳೂರಿಗೆ ಸಾಗುವ ಹೆದ್ದಾರಿಯು ಕಾಗಲದ ಮುಂದೆ ದೂಧಗಂಗೆಯನ್ನು ದಾಟಿ ಕನ್ನಡ ಸೀಮೆಯನ್ನು ಹೊಕ್ಕೊಡನೆ ಸಿಕ್ಕುವ ಊರು ನಮ್ಮ ಕೊಗನೊಳ್ಳಿ. ಟೋಲ್ ನಾಕೆ, ಸಾಲುಗಟ್ಟಿದ ಲಾರಿಗಳು, ಇಕ್ಕೆಲದಲ್ಲಿ ಕಬ್ಬು. ದಾರಿಹೋಕರಿಗೆ ಕಾಣುವುದು ಇಷ್ಟೇ. ಇಂಥ ಊರಿನ ಪಡಸಾಲೆಯಲ್ಲಿ ಪೆಸಿಫಿಕ್ ಮಹಾಸಾಗರದ ದೇವತೆಯೊಬ್ಬಳ ಕಥೆಯನ್ನು ನೀರಾಟದ ಯಂತ್ರಕ್ಕೆ ಹೊಂದಿಸಿದ ನಕ್ಷೆಯು ಸಿದ್ಧವಾಯಿತೆಂದರೆ ವಾಚಕರು ನಕ್ಕಾರು. ಬರೆದವಳು ಯಂತ್ರಶಾಸ್ತ್ರ ಓದುತ್ತಿರುವ ನನ್ನ ಅಣ್ಣನ ಮಗಳು.

ಇದಕ್ಕೆ ಮೂಲ ನಮ್ಮ ಬಿಡದಿಯ ಪ್ರವಾಸ. ಅಲ್ಲಿ 2005ರಲ್ಲಿ ತೆರೆದ ವಂಡರ್‌ಲಾ ಎಂಬ ವಿನೋದವನಕ್ಕೆ ಮನೆಮಂದಿಯೆಲ್ಲ ಹೋಗಿದ್ದೆವು. ಮಕ್ಕಳು ನೀರಿನ ಜಾರುಬಂಡೆಗಳನ್ನು ಬಿಟ್ಟು ಬರಲೊಲ್ಲರು. ನಾನು ಎಲ್ಲರ ಚಪ್ಪಲಿ ಕಾಯುವ ಉದ್ಯೋಗಕ್ಕೆ ನೇಮಕಗೊಂಡೆನು. ಆಗ ಹುಡುಗಿಯು ನನ್ನ ಬಳಿ ಬಂದು, "ಕಾಕಾ, ಇಲ್ಲಿ ಜಾರಿದ್ದೆಲ್ಲ ಇಳೀತದ. ನೀರಿನ್ಯಾಗ ಏರೂ ದೋಣಿ ಮಾಡಬೇಕು" ಎಂದಳು.

ಅದು ಹುಚ್ಚು ಮಾತಲ್ಲ. 10 ಮೀಟರು ಎತ್ತರದಿಂದ ಜಾರಿದ ದೋಣಿಯು, ಘರ್ಷಣೆಯೇ ಇಲ್ಲದಿದ್ದರೆ, ಬುಡಕ್ಕೆ ಬರುವಾಗ ಗಂಟೆಗೆ ಸುಮಾರು 50 ಕಿಲೋಮೀಟರು ವೇಗವನ್ನು ಪಡೆದಿರುತ್ತದೆ. ಘರ್ಷಣೆಯು ಅದರಲ್ಲೊಂದು ಪಾಲನ್ನು ತಿನ್ನುವುದರಿಂದ ಮುಂದಿನ ದಿಬ್ಬವು ಮೊದಲಿನದಕ್ಕಿಂತ ತಗ್ಗಾಗಿಯೇ ಇರಬೇಕು. ಎತ್ತರಿಸಬೇಕೆಂದರೆ ದೋಣಿಯನ್ನು ಹೊರಗಿನಿಂದ ನೂಕಬೇಕು. ಕಾಲುವೆಯ ತಳದಲ್ಲಿ ಹುದುಗಿಸಿದ ತಂತಿಯ ಸುರುಳಿಗಳಲ್ಲಿ ವಿದ್ಯುತ್ತು ಹರಿದಾಗ ಮುಂದೆ ಮುಂದೆ ಓಡುವ ಕಾಂತಕ್ಷೇತ್ರವುಂಟಾಗಿ, ದೋಣಿಯ ಅಡಿಯ ಲೋಹದ ತಗಡನ್ನು ದಿಬ್ಬದ ಮೇಲೆ ತಳ್ಳುತ್ತದೆ. ಅಮೇರಿಕದ ಓರ್ಲ್ಯಾಂಡೋದಲ್ಲಿ 2017ರಲ್ಲಿ ತೆರೆದ ಜಲವನವೊಂದರಲ್ಲಿ 200 ಅಡಿ ಎತ್ತರದ ಕೃತಕ ಅಗ್ನಿಪರ್ವತವನ್ನು ಕಟ್ಟಿ, ಅದರೊಳಗೆ ನಾಲ್ವರು ಕೂಡುವ ದೋಣಿಗಳನ್ನು ಹೀಗೆಯೇ ಏರಿಸುತ್ತಾರೆ. ಅದರ ಹೆಸರು ಮಾತ್ರ ಕ್ರಾಕಟೌ! ಆ ಪರ್ವತವಿರುವುದು ಜಾವಾ ಸುಮಾತ್ರಗಳ ನಡುವೆ, ಪಾಲಿನೇಷಿಯದಲ್ಲಲ್ಲ. ಅಲ್ಲಿ ಹೇಳುವ ‘ವಾತುರಿ’ ಜನರೂ ಕಲ್ಪಿತರೇ.

ಹುಡುಗಿಗೆ ಕಲ್ಪಿತ ಕಥೆ ಬೇಡವಾಗಿದ್ದಿತು. ಅವಳು ಆರಿಸಿದ್ದು ಹವಾಯಿಯ ಪೆಲೆ ದೇವಿಯನ್ನು. ಪೆಲೆಯು ದೋಣಿಯೇರಿ ಬಂದು ಕವಾಯಿ ದ್ವೀಪದಲ್ಲಿ ಬೆಂಕಿಯ ಕುಣಿಯನ್ನು ತೋಡುತ್ತಾಳೆ. ಸಮುದ್ರದೇವಿಯಾದ ಅವಳ ಅಕ್ಕ ನಾಮಕಳು ಬೆನ್ನಟ್ಟಿ ಬಂದು ನೀರು ನುಗ್ಗಿಸಿ ನಂದಿಸುತ್ತಾಳೆ. ಹೀಗೆ ದ್ವೀಪದಿಂದ ದ್ವೀಪಕ್ಕೆ ಓಡಿ, ಕೊನೆಗೆ ಕಿಲೌಯೆಯಾ ಪರ್ವತದಲ್ಲಿ ಪೆಲೆಯು ನೆಲೆಗೊಳ್ಳುತ್ತಾಳೆ. ಭೂಶಾಸ್ತ್ರಜ್ಞರ ಲೆಕ್ಕವೂ ಇದೇ ಹಾದಿ ಹಿಡಿದಿರುವುದು ಸೋಜಿಗ: ಕವಾಯಿಗೆ ಸುಮಾರು 50 ಲಕ್ಷ ವರ್ಷ, ಅಲ್ಲಿಂದ ಆಗ್ನೇಯಕ್ಕೆ ಸರಿದಂತೆ ದ್ವೀಪಗಳ ವಯಸ್ಸು ಕಡಿಮೆ. ನಮ್ಮವರೂ ಅಗ್ನಿಗೆ ಕೊಟ್ಟ ದಿಕ್ಕು ಅದೇ ಅಲ್ಲವೆ! ಒಂದೊಂದು ದಿಬ್ಬವೂ ಒಂದೊಂದು ದ್ವೀಪ. ನೆತ್ತಿಯಲ್ಲಿ ಕೆಂಪು ದೀಪ. ಇಳಿವಿನಲ್ಲಿ ಹಿಂದಿನಿಂದ ನುಗ್ಗುವ ತೆರೆ. ನಕ್ಷೆಯನ್ನು ನೋಡಿ ನಾನು ಭೇಷ್ ಎಂದೆನು.

ನಮ್ಮ ಆಯಿಗೆ ಕಥೆ ಹಿಡಿಸಿತು, ಯಂತ್ರ ಹಿಡಿಸಲಿಲ್ಲ. "ಆ ದೇವಿಗೆ ನಡಕೊಳ್ಳೂ ಮಂದಿ ಇನ್ನೂ ಅದಾರೇನ?" ಎಂದು ಕೇಳಿದಳು. ಇದ್ದಾರೆ, ಹವಾಯಿಯವರು ಇಂದಿಗೂ ಆ ಪರ್ವತದ ಬಾಯಿಗೆ ಕಾಣಿಕೆ ಕೊಡುವುದುಂಟು ಎಂದಳು ಹುಡುಗಿ. "ಹಂಗಾರ ಸವದತ್ತಿ ಎಲ್ಲವ್ವನ ಗುಡ್ಡದಾಗ ಯಾರರೆ ಜಾರಬಂಡಿ ಮಾಡಿ ಚೀಟಿ ಹರದ್ರ ನೀ ಸುಮ್ಮನಿರತೀಯೇನ?"

ಆ ದಿನ ಹುಡುಗಿಯು ಉಣ್ಣಲಿಲ್ಲ. ಭೇಷ್ ಎಂದು ಹೇಳಿದ್ದ ನನಗೂ ಆಯಿಯ ಮುಖ ನೋಡಲು ನಾಚಿಕೆಯಾಯಿತು. ಕಥೆ ಎಲ್ಲರದೂ ಎಂದು ವಾದಿಸಬಹುದಿತ್ತು. ಆದರೆ ಎಲ್ಲವ್ವನ ಹೆಸರು ಬಂದೊಡನೆ ನನ್ನ ಬಾಯಿ ಕಟ್ಟಿತು.

ಎಂಟು ದಿನದ ಮೇಲೆ ಹೊಸ ನಕ್ಷೆ ಬಂದಿತು. ಪೆಲೆಯ ಹೆಸರನ್ನು ಅಳಿಸಿದ್ದಳು. ಅದರ ಬದಲು, 1976ರಲ್ಲಿ ದಿಕ್ಸೂಚಿಯಿಲ್ಲದೆ ನಕ್ಷತ್ರ ಮತ್ತು ಅಲೆಗಳನ್ನೇ ನಂಬಿ ಹವಾಯಿಯಿಂದ ತಹೀತಿಗೆ ಹೋದ ಹೋಕುಲೆಯಾ ಎಂಬ ಜೋಡುದೋಣಿಯ ಪಯಣ. ಅದನ್ನು ನಡೆಸಿದವನು ಸತವಾಲ್ ದ್ವೀಪದ ಮೌ ಪಿಯಾಯಿಲುಗ್. ಕೆಂಪು ದೀಪಗಳಿದ್ದಲ್ಲಿ ಕತ್ತಲೆಯ ಸುರಂಗ, ಮೇಲೆ ಚಿಕ್ಕೆಗಳು. ದಿಬ್ಬಗಳೂ ತಂತಿಯ ಸುರುಳಿಗಳೂ ಇದ್ದಲ್ಲಿಯೇ ಇವೆ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ, "ಆ ದ್ವೀಪದವರನ್ನು ಕೇಳದೆ ಕಟ್ಟತಕ್ಕದ್ದಲ್ಲ" ಎಂದು ಬರೆದಿದ್ದಾಳೆ.

ಆಯಿಯು ಕನ್ನಡಕವನ್ನೇರಿಸಿ ಬಹಳ ಹೊತ್ತು ನೋಡಿದಳು. 2019ರ ಆಗಸ್ಟಿನಲ್ಲಿ ಯಮಗರ್ಣಿಯ ಬಳಿ ವೇದಗಂಗೆಯು ಹೆದ್ದಾರಿಯ ಮೇಲೆ ಹರಿದುದನ್ನು ಕಂಡವಳಿಗೆ ನೀರಿನ ಭಯ ಇನ್ನೂ ಹೋಗಿಲ್ಲ. ಆದರೂ, ನಾಲ್ವರ ದೋಣಿಯಲ್ಲಿ ಮುದುಕಿಗೆ ಮುಂದಿನ ಜಾಗವೋ ಹಿಂದಿನದೋ ಎಂದು ಕೇಳಿದ್ದಾಳೆ.